ಚಾಟಿ ಬೀಸಿದವನಿಗೆ ಶಿಕ್ಷೆ, ಗೆದ್ದವನಿಗೆ?

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ಹೋದ ಸಂಚಿಕೆಯಲ್ಲಿ ವಿದೇಶದ ಗಾಡಿ ಕಟ್ಟಿದ ಕುದುರೆ ರೇಸಿನ ಬಗ್ಗೆ ಒಂದು ಪುಟ ಬರೆದಿದ್ದೀರಿ. ಚಾಟಿಯನ್ನು ಹೇಗೆಂದರೆ ಹಾಗೆ ಬೀಸಿದ ಅಂತ ಡ್ರೈವರ್‌ಗೆ ದಂಡ ಹಾಕ್ತಾರೆ, ರೇಸಿಂದ ಹೊರಗೆ ಕೂರಿಸ್ತಾರೆ ಅಂತ ಓದಿ ನಗು ಬಂತು. ನಮ್ಮ ತಾತ ಕಲಾಸಿಪಾಳ್ಯದಲ್ಲಿ ಜಟಕಾ ಓಡಿಸ್ತಿದ್ರು. ಅವರ ಚಾಟಿ ಇವತ್ತಿಗೂ ನಮ್ಮನೆ ಬಾಗಿಲ ಹಿಂದೆ ನೇತಾಡ್ತಿದೆ. ಚಾಟಿ ಇಲ್ಲದೆ ಕುದುರೆ ಓಡುತ್ತಾ ಸಾರ್? ಕಂಬಳಕ್ಕೆ ಅಡ್ಡಗಾಲು ಹಾಕಿದ ಹಾಗೇ ಇದೂ ಒಂದು ಶೋಕಿ. ಶಿಕ್ಷೆ ಕೊಡಲೇಬೇಕು ಅಂದ್ರೆ ಕೂಲಿಗೆ ಓಡಿಸೋನಿಗೆ ಯಾಕೆ? ದುಡ್ಡು ಎಣಿಸಿಕೊಳ್ಳೋ ಮಾಲೀಕನಿಗೆ ಕೊಡಲಿ."
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಸಂಪಾದಕರ ಉತ್ತರ:

ಹಿರಿಯರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸ್ವಲ್ಪ ಕೋಪವೇ ಬಂತು. ಎರಡನೇ ಸಲ ಓದುವಾಗ ಕಡೆಯ ಎರಡು ಸಾಲಿನ ಹತ್ತಿರ ನಿಂತೆ. ಅದನ್ನು ನೀವು ಸಿಟ್ಟಲ್ಲಿ ಬರೆದಿರಬಹುದು. ಆದರೆ ಇಡೀ ವಿಷಯದಲ್ಲಿ ನಾವು ಬರೆಯದೆ ಬಿಟ್ಟಿದ್ದು ಅದನ್ನೇ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಆ ಆಟ ಏನು ಅಂತ ಹೇಳಿಬಿಡುತ್ತೇನೆ. ನಮ್ಮ ರೇಸ್‌ಕೋರ್ಸ್ ರಸ್ತೆಯಲ್ಲಿ ನೋಡಿದ್ದು ಬೇರೆ. ಇಲ್ಲಿ ಜಾಕಿ ಕುದುರೆ ಮೇಲೆ ಕೂರುತ್ತಾನೆ, ಕುದುರೆ ನಾಗಾಲೋಟ ಓಡುತ್ತದೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಸ್ವೀಡನ್ ಕಡೆಯ ಹಾರ್ನೆಸ್ ರೇಸಿನಲ್ಲಿ ಕುದುರೆಗೆ ಸಲ್ಕಿ ಅನ್ನುವ ಎರಡು ಚಕ್ರದ ಹಗುರ ಗಾಡಿ ಕಟ್ಟುತ್ತಾರೆ. ಡ್ರೈವರ್ ಅದರಲ್ಲಿ ಕಾಲು ಚಾಚಿ ಕೂತು ಓಡಿಸುತ್ತಾನೆ. ಕುದುರೆ ನಾಗಾಲೋಟಕ್ಕೆ ಬೀಳಬಾರದು. ಆ ರೇಸಿಗೆ ನಿಗದಿಯಾದ ಹೆಜ್ಜೆಯ ಓಟದಲ್ಲೇ ಸಾಗಬೇಕು. ಹೆಜ್ಜೆ ತಪ್ಪಿದರೆ ಡ್ರೈವರ್ ಎಳೆದು ಹಿಡಿದು ಸರಿಮಾಡಬೇಕು, ಅಷ್ಟರಲ್ಲಿ ಉಳಿದವರು ಮುಂದೆ ಹೋಗಿರುತ್ತಾರೆ. ಹಾಗಾಗಿ ಈ ಆಟದಲ್ಲಿ ಲಗಾಮೇ ಪ್ರಾಣ.

ಚಾಟಿಯ ನಿಯಮ ಹುಟ್ಟಿದ್ದೂ ಇಲ್ಲೇ. ಹಿಂದೆಲ್ಲ ಕಡೆಯ ತಿರುವು ದಾಟಿದ ಮೇಲೆ ಡ್ರೈವರ್ ಎರಡೂ ಲಗಾಮನ್ನು ಒಂದೇ ಕೈಗೆ ಬದಲಾಯಿಸಿಕೊಂಡು, ಇನ್ನೊಂದು ಕೈಯಲ್ಲಿ ಸುಮಾರು ನಾಲ್ಕು ಅಡಿಯ ಚಾಟಿಯನ್ನು ತಲೆ ಮೇಲಿಂದ ಬೀಸುತ್ತಿದ್ದ. ನೋಡುವವರಿಗೆ ಅದು ಭಯಂಕರ. ಪಕ್ಕದ ಗಾಡಿಯವನಿಗೆ ಅಪಾಯ. ಕುದುರೆಯ ಕಥೆ ಕೇಳುವುದೇ ಬೇಡ. ಕೆನಡಾದ ಒಂಟಾರಿಯೊದಲ್ಲಿ 2009ರಲ್ಲೇ ಒಂದು ನಿಯಮ ತಂದರು. ಓಟ ಶುರುವಾದಾಗಿನಿಂದ ಮುಗಿಯುವವರೆಗೆ ಎರಡು ಕೈಯಲ್ಲೂ ಒಂದೊಂದು ಲಗಾಮು ಇರಲೇಬೇಕು. ಇದರಲ್ಲಿರುವ ಜಾಣತನ ನೋಡಿ. ಎರಡು ಕೈಗೂ ಕೆಲಸ ಕೊಟ್ಟುಬಿಟ್ಟರೆ ತೋಳೆತ್ತಿ ಬೀಸುವುದು ತಾನಾಗಿಯೇ ನಿಲ್ಲುತ್ತದೆ. ಮಣಿಕಟ್ಟು ತಿರುಗಿಸಿ ತಟ್ಟಬಹುದು, ಅಷ್ಟೇ.

ಇದರ ಜೊತೆಗೆ ಬೇರೆ ಬೇರೆ ಕಡೆ ಬೇರೆ ಬೇರೆ ತಡೆಗಳಿವೆ. ಗಾಡಿಯ ಕಂಬಿಯ ಕೆಳಗಿಂದ ಕುದುರೆಯ ಕಾಲಿಗೆ, ಹೊಟ್ಟೆಗೆ ಹೊಡೆಯಬಾರದು. ಚಾಟಿಯ ತುದಿಯಿಂದ ತಿವಿಯಬಾರದು. ಗೆಲ್ಲುವ ಆಸೆಯೇ ಇಲ್ಲದೆ ಹಿಂದುಳಿದ ಕುದುರೆಗೆ ಸುಮ್ನೆ ಬಾರಿಸಬಾರದು. ಗೆರೆ ದಾಟಿದ ಮೇಲಂತೂ ಮುಟ್ಟಲೇಬಾರದು. ಕಾಲು ಚಾಚಿ ಕುದುರೆಗೆ ಒದೆಯುವುದನ್ನೂ ಹಲವು ಕಡೆ ನಿಷೇಧಿಸಿದ್ದಾರೆ. ಚಾಟಿ ಕಿತ್ತುಕೊಂಡರೆ ಕಾಲಾದರೂ ಇದೆಯಲ್ಲ ಅಂತ ಯೋಚಿಸಿದವನು ಯಾವನೋ ಇದ್ದಿರಬೇಕು!

ನಿಮ್ಮ ಪ್ರಶ್ನೆ, ಚಾಟಿ ಇಲ್ಲದೆ ಕುದುರೆ ಓಡುತ್ತಾ ಅಂತ. ಓಡುತ್ತದೆ. ನಾರ್ವೆಯಲ್ಲಿ ಹೊಡೆದು ಓಡಿಸುವುದಕ್ಕೆ 1982ರಲ್ಲೇ ತಡೆ ಬಿತ್ತು, ರೇಸ್ ನಿಂತಿಲ್ಲ. ಸಿಡ್ನಿ ವಿಶ್ವವಿದ್ಯಾಲಯದ ಪಾಲ್ ಮೆಕ್‌ಗ್ರೀವಿ ಮತ್ತು ಡೇವಿಡ್ ಇವಾನ್ಸ್ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದು ಜಾಕಿಗಳ ರೇಸಿನದು, ಗಾಡಿ ರೇಸಿನದಲ್ಲ. ಕಡೆಯ 400 ಮೀಟರ್‌ನಲ್ಲಿ ಚಾಟಿ ಜಾಸ್ತಿ ಬೀಳುತ್ತದೆ, ಆದರೆ ಕುದುರೆಯ ವೇಗ ಅದಕ್ಕೂ ಮೊದಲೇ ಜಾಸ್ತಿ ಇರುತ್ತದೆ ಅಂತ ಅವರು ಕಂಡರು. ಅಂದರೆ ಏಟು ಬೀಳುವ ಹೊತ್ತಿಗೆ ಕುದುರೆ ದಣಿದಿರುತ್ತದೆ. ಐದೇ ರೇಸುಗಳ ಲೆಕ್ಕ ಅದು. ಅದೊಂದನ್ನೇ ಹಿಡಿದುಕೊಂಡು ನಾನು ಜಗಳಕ್ಕೆ ಬರುವುದಿಲ್ಲ. ಆದರೆ 2020ರಲ್ಲಿ ಅದೇ ವಿಶ್ವವಿದ್ಯಾಲಯದವರು ಕುದುರೆಯ ಚರ್ಮ ಮತ್ತು ಮನುಷ್ಯರ ಚರ್ಮ ಎರಡನ್ನೂ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರು. ನೋವು ತಿಳಿಯುವ ಮೇಲ್ಪದರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. "ಕುದುರೆ ಚರ್ಮ ದಪ್ಪ, ಅದಕ್ಕೇನೂ ಆಗಲ್ಲ" ಅನ್ನುವ ಮಾತನ್ನು ಇನ್ನು ಮೇಲೆ ಸ್ವಲ್ಪ ಯೋಚಿಸಿ ಆಡಬೇಕು.

ಹಾಗಂತ ಪೂರ್ತಿ ಕಿತ್ತು ಹಾಕುವುದು ಸುಲಭ ಅಂತಲೂ ಅಲ್ಲ. ಆಸ್ಟ್ರೇಲಿಯಾದ ಹಾರ್ನೆಸ್ ರೇಸಿಂಗ್ ಸಂಸ್ಥೆ 2016ರ ಡಿಸೆಂಬರ್‌ನಲ್ಲಿ, ಮುಂದಿನ ಸೆಪ್ಟೆಂಬರ್‌ನಿಂದ ಚಾಟಿಯೇ ಇರುವುದಿಲ್ಲ ಅಂತ ಘೋಷಿಸಿತು. ಆಮೇಲೆ ಹಿಂದೆ ಸರಿಯಿತು. ಚಾಟಿ ಉಳಿಯಿತು, ಬೀಸುವ ರೀತಿಗೆ ಕಟ್ಟು ಬಿತ್ತು.

ಈಗ ನಿಮ್ಮ ಕಡೆಯ ಸಾಲಿಗೆ ಬರೋಣ.

ಉತ್ತರ ಅಮೆರಿಕದ ಹಾರ್ನೆಸ್ ರೇಸಿನಲ್ಲಿ ಬಹುಮಾನ ಹಂಚುವ ಸಾಮಾನ್ಯ ಪದ್ಧತಿ ಹೀಗಿದೆ. ಡ್ರೈವರ್‌ಗೆ ಶೇಕಡಾ 5, ತರಬೇತುದಾರನಿಗೆ ಶೇಕಡಾ 5, ಮಿಕ್ಕಿದ್ದೆಲ್ಲ ಮಾಲೀಕನಿಗೆ. ಹೆಚ್ಚಿನ ಡ್ರೈವರ್‌ಗಳು ಯಾರ ಮನೆಯ ಆಳೂ ಅಲ್ಲ. ಒಂದೇ ಸಂಜೆ ಒಂದೊಂದು ರೇಸಿಗೆ ಒಬ್ಬೊಬ್ಬ ಮಾಲೀಕನ ಕುದುರೆ ಓಡಿಸುತ್ತಾರೆ. ನಮ್ಮ ಆಟೋದವರ ಹಾಗೆ, ಬಾಡಿಗೆ ಸಿಕ್ಕಷ್ಟೇ ಸಂಪಾದನೆ. ಅವನು ಕಡೆಯ ನೂರು ಗಜದಲ್ಲಿ ನಿಯಮ ಮುರಿದು ಗೆದ್ದ ಅಂತಿಟ್ಟುಕೊಳ್ಳಿ. ರೇಸ್ ಅಧಿಕಾರಿಗಳು ವಿಡಿಯೊ ನೋಡಿ ಅವನಿಗೆ ದಂಡ ಹಾಕುತ್ತಾರೆ, ಕೆಲವು ದಿನ ಹೊರಗಿಡುತ್ತಾರೆ. ಫಲಿತಾಂಶ ಸಾಮಾನ್ಯವಾಗಿ ಬದಲಾಗುವುದಿಲ್ಲ. ಮಾಲೀಕ ಶೇಕಡಾ 90ನ್ನು ಜೇಬಿಗಿಳಿಸಿ, ಮರುದಿನದ ರೇಸಿಗೆ ಬೇರೆ ಡ್ರೈವರ್‌ಗೆ ಫೋನ್ ಮಾಡುತ್ತಾನೆ. ಅವನ ಪಾಲಿಗೆ ಏನೂ ಆಗಲೇ ಇಲ್ಲ!

ಮುಂದಿನ ವಾರ ಅದೇ ಮಾಲೀಕ ಯಾರನ್ನು ಕರೆಯುತ್ತಾನೆ ಹೇಳಿ. ಮೆತ್ತಗೆ ಓಡಿಸಿ ಎರಡನೆಯವನಾದವನನ್ನಾ, ನಿಯಮ ಮುರಿದು ಗೆದ್ದವನನ್ನಾ? ಡ್ರೈವರ್‌ಗೂ ಇದು ಗೊತ್ತು. ದೊಡ್ಡ ಬಹುಮಾನದ ರೇಸಿನಲ್ಲಿ ದಂಡ ಅನ್ನುವುದು ಅವನಿಗೆ ಖರ್ಚಿನ ಬಾಬ್ತು, ಅಷ್ಟೇ. ಹಾಗಾಗಿ ಶಿಕ್ಷೆ ಗೆಲುವನ್ನೇ ಮುಟ್ಟಬೇಕು ಅನ್ನುವುದು ನನ್ನ ಅಭಿಪ್ರಾಯ. ಮಾಲೀಕನಿಗೆ ಪ್ರತ್ಯೇಕ ದಂಡ ಬೇಕಾಗಿಲ್ಲ. ನಿಯಮ ಮುರಿದು ಬಂದ ಬಹುಮಾನ ಅವನ ಕೈಗೆ ಹೋಗದಿದ್ದರೆ ಸಾಕು. "ನಾನು ಹೊಡಿ ಅಂತ ಹೇಳಿರಲಿಲ್ಲ" ಅನ್ನುವ ಮಾಲೀಕರು ಅವತ್ತಿನಿಂದ "ಹೊಡೀಬೇಡ ಮಾರಾಯ" ಅಂತ ಹೇಳಿ ಕಳಿಸುತ್ತಾರೆ.

ಇದು ನಾನು ಕನಸು ಕಂಡು ಹೇಳುತ್ತಿರುವುದಲ್ಲ. ಬ್ರಿಟನ್ನಿನ ಜಾಕಿ ರೇಸಿನಲ್ಲಿ 2023ರಿಂದ ಅರ್ಧ ಇದೇ ದಾರಿ ಹಿಡಿದಿದ್ದಾರೆ. ಸಮತಟ್ಟು ಓಟದಲ್ಲಿ 6 ಏಟು, ಅಡೆತಡೆ ಹಾರುವ ಓಟದಲ್ಲಿ 7. ಮಿತಿಗಿಂತ 4 ಅಥವಾ ಅದಕ್ಕೂ ಜಾಸ್ತಿ ಹೊಡೆದರೆ ಕುದುರೆಯನ್ನೇ ಅನರ್ಹ ಮಾಡುತ್ತಾರೆ. ತೀರ್ಮಾನ ಕೆಲವು ದಿನ ಬಿಟ್ಟು ಬರುತ್ತದೆ. ಬಾಜಿ ಕಟ್ಟಿದವರ ಲೆಕ್ಕ ಅಷ್ಟರಲ್ಲಿ ಮುಗಿದಿರುತ್ತದೆ, ಅದನ್ನು ಕೆದಕುವುದಿಲ್ಲ. ಏಟು ಎಣಿಸುವ ಪದ್ಧತಿ ನನಗೆ ಅಷ್ಟು ಹಿಡಿಸಿಲ್ಲ. ಏಳು ಏಟಿನವರೆಗೆ ನೋವಾಗಲ್ಲ, ಎಂಟನೆಯದಕ್ಕೆ ಆಗುತ್ತೆ ಅಂತ ಕುದುರೆ ಒಪ್ಪುತ್ತದಾ? ಎರಡು ಕೈಯಲ್ಲೂ ಲಗಾಮು ಅನ್ನುವ ನಿಯಮವೇ ವಾಸಿ. ಕ್ಯಾಮೆರಾ ಒಂದೇ ನೋಟಕ್ಕೆ ಹಿಡಿಯುತ್ತದೆ, ವಾದಕ್ಕೆ ಜಾಗ ಇಲ್ಲ.

ಕಂಬಳದ ವಿಷಯಕ್ಕೆ ಜಾಸ್ತಿ ಹೋಗುವುದಿಲ್ಲ. ಪ್ರಾಣಿ ಹಿಂಸೆ ತಡೆಯುವ ಕಾಯಿದೆಗೆ ನಮ್ಮ ರಾಜ್ಯ ತಂದ 2017ರ ತಿದ್ದುಪಡಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿ ಹಿಡಿಯಿತು. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ಅರಮನೆ ಮೈದಾನದಲ್ಲೇ ಕೋಣಗಳು ಓಡಿದವು. ಜಾತ್ರೆಗಿಂತ ಜಾಸ್ತಿ ಜನ. ಆಟ ಉಳಿದಿದೆ. ಇನ್ನು ಮಾತಾಡಬೇಕಾದದ್ದು ಆಟದೊಳಗಿನ ಕೋಲಿನ ಬಗ್ಗೆ.

ಮತ್ತೆ, ಬೇರೆಯವರ ಶಿಕ್ಷೆ ನೋಡಿ ನಾವು ನಗುವ ಸ್ಥಿತಿಯಲ್ಲೇನೂ ಇಲ್ಲ. ಪ್ರಾಣಿ ಹಿಂಸೆ ತಡೆಯುವ ನಮ್ಮ ಕಾಯಿದೆ 1960ರದು. ಪ್ರಾಣಿಗೆ ಹೊಡೆದು ಹಿಂಸೆ ಕೊಟ್ಟವನಿಗೆ ಅದರ 11ನೇ ಕಲಂನಲ್ಲಿ ಮೊದಲ ತಪ್ಪಿಗೆ ಬರೆದಿಟ್ಟಿರುವ ದಂಡ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. 50 ರೂಪಾಯಿಗೆ ಇವತ್ತು ಗಾಂಧಿಬಜಾರಿನಲ್ಲಿ ಒಂದು ದೋಸೆ ಬರುವುದೂ ಕಷ್ಟ. ಇದರ ಮುಂದೆ ಆ ಡ್ರೈವರ್‌ನ ಶಿಕ್ಷೆ ನಿಮಗೆ ವಿಪರೀತ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ ಬಿಡಿ.

ಕಡೆಗೆ ನಿಮ್ಮ ತಾತನವರ ಜಟಕಾ. ನಾನೂ ಚಿಕ್ಕವನಿದ್ದಾಗ ಸಿಟಿ ರೈಲ್ವೆ ಸ್ಟೇಷನ್ನಿಂದ ಬಸವನಗುಡಿಗೆ ಜಟಕಾದಲ್ಲಿ ಬಂದವನೇ. ಹುಲ್ಲಿನ ಮೇಲೆ ಹಾಸಿದ ಗೋಣಿ, ಕುದುರೆ ಬೆವರಿನ ವಾಸನೆ. ನನಗೆ ಚೆನ್ನಾಗಿ ನೆನಪಿರುವುದು ಒಂದು ಸದ್ದು. ಜನ ಅಡ್ಡ ಬಂದಾಗ ಜಟಕಾದವರು ಚಾಟಿಯ ಹಿಡಿಯನ್ನು ತಿರುಗುತ್ತಿದ್ದ ಚಕ್ರದ ಅರೆಕಾಲುಗಳಿಗೆ ಒಡ್ಡುತ್ತಿದ್ದರು. ಟರ್ರ್ರ್ ಅಂತ ಸದ್ದು. ಜನ ಪಕ್ಕಕ್ಕೆ ಸರಿಯುತ್ತಿದ್ದರು, ಕುದುರೆಯೂ ಕಿವಿ ನಿಮಿರಿಸಿ ಹೆಜ್ಜೆ ಚುರುಕು ಮಾಡುತ್ತಿತ್ತು. ಹಾರ್ನೆಸ್ ರೇಸಿನ ಡ್ರೈವರ್‌ಗಳೂ ಎಷ್ಟೋ ಸಲ ಹೀಗೇ ಗಾಡಿಯ ಕಂಬಿಗೆ ಚಾಟಿ ಬಡಿದು ಸದ್ದು ಮಾಡುತ್ತಾರೆ. ವಿಚಾರಣೆಗೆ ಕರೆದಾಗ "ಹೊಡೆದದ್ದು ಕಂಬಿಗೆ, ಕುದುರೆಗಲ್ಲ" ಅನ್ನುವುದು ಅವರ ಮಾಮೂಲಿ ಉತ್ತರ. ಕೆಲವರ ವಿಷಯದಲ್ಲಿ ಅದು ನಿಜವೂ ಇರುತ್ತದೆ.

ನಿಮ್ಮನೆ ಬಾಗಿಲ ಹಿಂದಿನ ಆ ಚಾಟಿಯನ್ನು ಒಮ್ಮೆ ಕೆಳಗಿಳಿಸಿ ನೋಡಿ. ಹಿಡಿಯ ತುದಿ ಜಾಸ್ತಿ ಸವೆದಿದೆಯಾ, ಇಲ್ಲ ಬಾರಿನ ತುದಿಯಾ? ಯಾವುದಾದರೂ ಸರಿ, ಒಂದು ಕಾರ್ಡು ಹಾಕಿ.

– ಸಂಪಾದಕ