ತೋಟ ಮಾರುವ ಮೊದಲು ಮಗನ ಕಣ್ಣು ತೋರಿಸಿ

ಸಕಲೇಶಪುರದ ಕಡೆಯ ತಾಯಿಯೊಬ್ಬರ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಬೇರೆ ಪತ್ರ ಒಡೆಯಲು ಮನಸ್ಸೇ ಬರುತ್ತಿಲ್ಲ.

ವಿಷಯ ಇಷ್ಟು. ಮಗ ಸೈನ್ಸ್ ತಗೊಂಡು ಪಿಯುಸಿ ಮುಗಿಸಿದ್ದಾನೆ. ವಯಸ್ಸು 18. ಚಿಕ್ಕಂದಿನಿಂದ ಪೈಲಟ್ ಆಗುವ ಆಸೆ. ಗಂಡ ಎರಡು ಎಕರೆ ಕಾಫಿ ತೋಟ ಮಾರಲು ಹೊರಟಿದ್ದಾರೆ. ಬೆಂಗಳೂರಿನಲ್ಲಿರುವ ಮೈದುನ ಒಬ್ಬ ಏಜೆಂಟನ್ನು ಗೊತ್ತು ಮಾಡಿದ್ದಾನೆ. ತಿಂಗಳ ಕೊನೆಯೊಳಗೆ ಐದು ಲಕ್ಷ ಕಟ್ಟದಿದ್ದರೆ ಸೀಟು ಹೋಗುತ್ತದಂತೆ. ಇವರು "ಸ್ವಲ್ಪ ಯೋಚನೆ ಮಾಡೋಣ" ಎಂದಿದ್ದಕ್ಕೆ ಗಂಡ ಮಾತು ಬಿಟ್ಟಿದ್ದಾರೆ. "ಮಗನ ದಾರಿಗೆ ನಾನೇ ಅಡ್ಡ ಬಂದೆನಾ?" ಎಂದು ಕೇಳಿದ್ದಾರೆ.

ಇಲ್ಲಮ್ಮಾ, ಬಂದಿಲ್ಲ. ಆದರೆ ನಿಮ್ಮ ಪತ್ರದ ಕೊನೆಯ ಪುಟದಲ್ಲಿ ಒಂದು ಮಾತಿದೆ. ನೀವು ಸುಮ್ನೆ ಬೇಜಾರಿಗೆ ಬರೆದದ್ದು. "ಅವನಿಗೆ ಕೆಲಸದ ಮೇಲೆ ನಿಗಾ ಇಲ್ಲ. ಕೊಯ್ಲಿಗೆ ಬಂದರೆ ಹಣ್ಣಿನ ಜೊತೆ ಕಾಯಿಯನ್ನೂ ಕಿತ್ತು ಹಾಕುತ್ತಾನೆ. ನಮ್ಮಪ್ಪನದೂ ಇದೇ ಕಥೆ, ತಾತನ ಬುದ್ಧಿಯೇ ಬಂದಿದೆ."

ಬಂದಿರುವುದು ಬುದ್ಧಿ ಅಲ್ಲ, ತಾತನ ಕಣ್ಣು ಇರಬಹುದು. ಕೆಂಪು ಹಣ್ಣು, ಹಸಿರು ಕಾಯಿ ಕೆಲವರಿಗೆ ಹೆಚ್ಚುಕಮ್ಮಿ ಒಂದೇ ಬಣ್ಣವಾಗಿ ಕಾಣುತ್ತವೆ. ತಾತನಿಗೆ ಆ ತೊಂದರೆ ಇದ್ದರೆ ಅದು ಮಗಳ ಮೂಲಕ ಮೊಮ್ಮಗನಿಗೆ ಇಳಿಯಬಹುದು. ಮಗಳಿಗೆ ಬಣ್ಣಗಳೆಲ್ಲ ಸರಿಯಾಗಿಯೇ ಕಾಣುತ್ತಿರುತ್ತವೆ, ಅವಳ ಮಗನಿಗೆ ಬರುವ ಸಾಧ್ಯತೆ ಮಾತ್ರ ಅರ್ಧಕ್ಕರ್ಧ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಅವನ ತಪ್ಪೂ ಇಲ್ಲ. ಇನ್ನು ಮುಂದೆ ಕಾಯಿ ಕಿತ್ತದ್ದಕ್ಕೆ ಅವನನ್ನು ಬೈಯಬೇಡಿ.

ವಿಮಾನಕ್ಕೂ ಬಣ್ಣಕ್ಕೂ ಏನು ಸಂಬಂಧ ಅಂತೀರಾ? ರಾತ್ರಿ ಇಳಿಯುವಾಗ ರನ್‌ವೇ ಪಕ್ಕದಲ್ಲಿ ಸಾಲಾಗಿ ನಾಲ್ಕು ದೀಪ ಕಾಣುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ ಇದೆ. ನಾಲ್ಕೂ ಕೆಂಪಾದರೆ ತೀರಾ ಕೆಳಗೆ ಬಂದಿದ್ದೀರಿ. ರೇಡಿಯೋ ಕೆಟ್ಟರೆ ಟವರ್‌ನಿಂದ ಹಸಿರು ಬೆಳಕು ಬಿಡುತ್ತಾರೆ, ಇಳಿಯಿರಿ ಅಂತ. ಕೆಂಪು ಬಿಟ್ಟರೆ ಇಳಿಯಬೇಡಿ, ಸುತ್ತುತ್ತಿರಿ ಅಂತ. ಅದಕ್ಕೇ ಪೈಲಟ್‌ಗಳ ಮೆಡಿಕಲ್‌ನಲ್ಲಿ ಬಣ್ಣದ ಪರೀಕ್ಷೆ ಕಡ್ಡಾಯ. ಕನ್ನಡಕ ಇದ್ದರೆ ಅಡ್ಡಿಯಿಲ್ಲ, ಅದನ್ನು ಹಾಕಿಕೊಂಡು ದೃಷ್ಟಿ ಸರಿಹೋದರೆ ಸಾಕು. ಬಣ್ಣದ ತೊಂದರೆ ಸರಿಮಾಡುವ ಕನ್ನಡಕ ಮಾತ್ರ ಇಲ್ಲ.

ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು. ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಡೆಸುವ ಪರೀಕ್ಷೆಗಳಿವೆ, ಒಂದೊಂದರಲ್ಲೂ ನೂರಕ್ಕೆ 70 ಬರಬೇಕು. ಎಲ್ಲ ಸೇರಿ ಅರ್ಧ ಕೋಟಿಯ ಆಸುಪಾಸು ಖರ್ಚು. ಆಮೇಲೆ ದೊಡ್ಡ ವಿಮಾನ ಓಡಿಸಲು ಟೈಪ್ ರೇಟಿಂಗ್ ಅಂತ ಬೇರೆ ಖರ್ಚಿದೆ. ಇಷ್ಟೆಲ್ಲ ಆದರೂ ಕಮರ್ಷಿಯಲ್ ಪೈಲಟ್‌ಗಳಿಗೆಂದೇ ಇರುವ ಕ್ಲಾಸ್ 1 ಮೆಡಿಕಲ್ ಪಾಸಾಗದಿದ್ದರೆ ಲೈಸೆನ್ಸ್ ಕೈಗೆ ಬರುವುದಿಲ್ಲ. ಎರಡು ಎಕರೆ ಹೋದ ಮೇಲೆ ಅದು ಗೊತ್ತಾದರೆ?

ನನಗೆ ಸಿಟ್ಟು ಬಂದಿರುವುದು ನಿಮ್ಮ ಮೈದುನನ ಮೇಲೆ. "ಮೆಡಿಕಲ್ ಎಲ್ಲ ಆಮೇಲೆ ನೋಡ್ಕೋಬಹುದು ಅತ್ತಿಗೆ" ಎಂದನಂತಲ್ಲ, ತೋಟ ಅವನದಾಗಿದ್ದರೆ ಹಾಗೆ ಹೇಳುತ್ತಿದ್ದನಾ? ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇವತ್ತೂ ಬರೆಯುತ್ತೇನೆ: ಗಡುವು ಹೇಳಿ ಹೆದರಿಸುವವರ ಕೈಗೆ ದುಡ್ಡು ಕೊಡಬೇಡಿ. ನಿಮ್ಮ ಯಜಮಾನರ ಮೇಲೆ ನನಗೆ ಬೇಸರವಿಲ್ಲ. ಬೆವರು ಸುರಿಸಿ ಬೆಳೆಸಿದ ತೋಟವನ್ನು ಮಗನಿಗಾಗಿ ಬಿಡಲು ಹೊರಟ ಮನುಷ್ಯ ಅವರು. ಜಗಳ ಆಡಬೇಡಿ.

ಮಾಡಬೇಕಾದದ್ದು ಒಂದೇ. ಈ ವಾರವೇ ಮಗನನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿ. ಯಜಮಾನರೂ ಜೊತೆಗೆ ಬರಲಿ. ಇಶಿಹಾರ ಟೆಸ್ಟ್ ಅಂತ ಕೇಳಿ. ಬಣ್ಣಬಣ್ಣದ ಚುಕ್ಕಿಗಳ ಒಂದು ಪುಸ್ತಕ ತೆಗೆಯುತ್ತಾರೆ. ಚುಕ್ಕಿಗಳ ನಡುವೆ ಅಂಕಿ ಇರುತ್ತದೆ. ಅದರಲ್ಲಿ ಒಂದು ಹಾಳೆಯಲ್ಲಿ ನಿಮಗೆ 74 ಕಾಣುತ್ತದೆ. ಕೆಂಪು ಹಸಿರಿನ ತೊಂದರೆ ಇರುವವರಿಗೆ ಅದೇ ಹಾಳೆಯಲ್ಲಿ 21 ಕಾಣುತ್ತದೆ. ಐದು ನಿಮಿಷದ ಕೆಲಸ. ಅವನು ಎಲ್ಲ ಸರಿಯಾಗಿ ಓದಿದರೆ ಡಿಜಿಸಿಎ ಮಾನ್ಯತೆ ಇರುವ ಡಾಕ್ಟರ ಹತ್ತಿರ ಮೊದಲ ಹಂತದ ಮೆಡಿಕಲ್ ಆದ ಕ್ಲಾಸ್ 2, ಅದಾದ ಮೇಲೆ ಕ್ಲಾಸ್ 1 ಮಾಡಿಸಿ. ಆ ಕಾಗದ ಕೈಗೆ ಬರುವ ತನಕ ಏಜೆಂಟಿಗೆ ಒಂದು ರೂಪಾಯಿಯೂ ಬೇಡ.

ಮಗ 74 ಅಂದರೆ ನನಗೊಂದು ಸಾಲು ಬರೆಯಿರಿ. 21 ಅಂದರೂ ಬರೆಯಿರಿ. ಆಗ ಪತ್ರ ಅವನೇ ಬರೆಯಲಿ, ಅವನ ಜೊತೆ ನಾನು ಮಾತಾಡುತ್ತೇನೆ.