ಕ್ಯಾಪ್ಸಿಕಂಗೆ ಇಂಗಾಲದ ಸಿಲಿಂಡರ್ ಬೇಕೆ?

ಪ್ರಶ್ನೆ: ಪಾಲಿಹೌಸಿನಲ್ಲಿ ಕ್ಯಾಪ್ಸಿಕಂ ಹಾಕಿದ್ದೇವೆ. ಬಿಸಿಲು, ನೀರಿಗೆ ಕೊರತೆಯಿಲ್ಲ. ಗಿಡ ಬಲಿಯಲೆಂದು ಹೂ, ಹೀಚು ಎಲ್ಲ ಚಿವುಟುತ್ತಿದ್ದೇವೆ. ಎಲೆ ದಪ್ಪಗಿದೆ, ಬೆಳವಣಿಗೆ ಮಂದ. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಹಾಕಿಸಬಹುದೇ?
– ಓದುಗರೊಬ್ಬರು, ದೊಡ್ಡಬಳ್ಳಾಪುರ

ಉತ್ತರ: ಈಗಲೇ ದುಡ್ಡು ಸುರಿಯಬೇಡಿ. ಎಲೆ ಆಹಾರ ತಯಾರಿಸುವ ವೇಗ, ತಯಾರಾದದ್ದು ಎಷ್ಟು ಬೇಗ ಖರ್ಚಾಗುತ್ತದೆ ಎನ್ನುವುದನ್ನೂ ಅವಲಂಬಿಸಿದೆ.

ಮೂರು ಅಣು ಇಂಗಾಲದ ಡೈಆಕ್ಸೈಡ್ ಒಳಬಂದರೆ ಆರು ಟ್ರಯೋಸ್ ಫಾಸ್ಫೇಟ್ (ಫಾಸ್ಫೇಟ್ ಅಂಟಿದ ಪುಟ್ಟ ಸಕ್ಕರೆ ಅಣು) ಆಗುತ್ತವೆ. ಐದು ಮತ್ತೆ ಇಂಗಾಲ ಹಿಡಿಯುವ ಕ್ರಿಯಾಚಕ್ರಕ್ಕೇ ಹೋಗುತ್ತವೆ, ಉಳಿಯುವುದು ಒಂದು. ಅದು ಸುಕ್ರೋಸೋ ಪಿಷ್ಟವೋ ಆದಾಗ ಅಂಟಿಕೊಂಡಿದ್ದ ಫಾಸ್ಫೇಟ್ ಬಿಡುಗಡೆಯಾಗುತ್ತದೆ. ಚಕ್ರಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣುವಿನ ತಯಾರಿಗೆ ಬೇಕಾದದ್ದು ಅದೇ ಫಾಸ್ಫೇಟ್. ಸಕ್ಕರೆ ಎಲೆಯಿಂದ ಸಾಗದಿದ್ದರೆ ಫಾಸ್ಫೇಟ್ ಅಲ್ಲೇ ಸಿಕ್ಕಿಕೊಂಡು ಚಕ್ರ ಕುಂಟುತ್ತದೆ. ಆಗ ಎಷ್ಟು ಅನಿಲ ಬಿಟ್ಟರೂ ಪ್ರಯೋಜನ ಅಷ್ಟಕ್ಕಷ್ಟೆ. ಬೆಳಕು ಮತ್ತು ಇಂಗಾಲದ ಡೈಆಕ್ಸೈಡ್ ಹಿಡಿಯುವ ರುಬಿಸ್ಕೋ ಕಿಣ್ವದ ಮಿತಿಗಳ ಜೊತೆಗೆ ಇದನ್ನೂ ಮೂರನೆಯ ಮಿತಿಯಾಗಿ 1985ರಲ್ಲಿ ಸಸ್ಯವಿಜ್ಞಾನಿ ಥಾಮಸ್ ಶಾರ್ಕಿ ವಿವರಿಸಿದರು.

ನೀವೇ ಪರೀಕ್ಷಿಸಿ. ಸಂಜೆ ಒಂದು, ಮರುದಿನ ಸೂರ್ಯ ಹುಟ್ಟುವ ಮುಂಚೆ ಇನ್ನೊಂದು, ಒಂದೇ ವಯಸ್ಸಿನ ಎಲೆ ಕೀಳಿ. ಕಿತ್ತ ತಕ್ಷಣ ಕುದಿವ ನೀರಿನಲ್ಲಿ ಒಂದು ನಿಮಿಷ ಅದ್ದಿ. ಆಮೇಲೆ ಒಲೆ ಆರಿಸಿ, ಬಿಸಿನೀರಿನ ಪಾತ್ರೆಯೊಳಗೆ ಸ್ಪಿರಿಟ್ ಲೋಟವಿಟ್ಟು, ಎಲೆ ಬಿಳಿಚುವವರೆಗೆ ಅದರಲ್ಲಿ ನೆನೆಸಿ. ಸ್ಪಿರಿಟ್ ಬಳಿ ಬೆಂಕಿ ಕೂಡದು. ತೊಳೆದು ಅಯೋಡಿನ್ ಹನಿಸಿ. ಸಂಜೆಯ ಎಲೆ ಕಪ್ಪುನೀಲಿಯಾಗುವುದು ಸಹಜ. ಮುಂಜಾನೆಯದೂ ಅಷ್ಟೇ ಕಪ್ಪಾದರೆ ರಾತ್ರಿ ಪಿಷ್ಟ ಸಕ್ಕರೆಯಾಗಿ ಕರಗಿ ಹೋಗಿಲ್ಲವೆಂದರ್ಥ.

ನಿಮ್ಮಲ್ಲಿ ಮೊದಲ ಅನುಮಾನ ಚಿವುಟುವಿಕೆಯ ಮೇಲೆಯೇ. ಸಕ್ಕರೆ ಎಳೆದುಕೊಳ್ಳುವುದು ಕಾಯಿ, ಚಿಗುರು, ಬೇರು. ಕಾಯಿಯನ್ನೇ ಬಿಡದಿದ್ದರೆ ಅದು ಎಲ್ಲಿಗೆ ಹೋಗಬೇಕು? ಆರಂಭದ ಹೂ ತೆಗೆದದ್ದು ಸರಿ, ಗಿಡ ಕವಲೊಡೆದ ಮೇಲೂ ಮುಂದುವರಿಸಬೇಡಿ. ಚಳಿಯ ರಾತ್ರಿ, ಬೇರುಗಂಟು ಜಂತು, ಪೊಟ್ಯಾಶ್ ಅಥವಾ ಮೆಗ್ನೀಸಿಯಂ ಕೊರತೆಯೂ ಸಾಗಣೆ ತಡೆಯುತ್ತವೆ. ಹಳೆಯ ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾಗಿದ್ದರೆ ಮೆಗ್ನೀಸಿಯಂ ನೋಡಿ. ಫಾಸ್ಫೇಟ್ ಒದಗಿಸುವ ರಂಜಕದ ಗೊಬ್ಬರವನ್ನು ಮಣ್ಣು ಪರೀಕ್ಷೆಯಿಲ್ಲದೆ ಸುರಿಯಬೇಡಿ.

ಮುಂಜಾನೆಯ ಎಲೆಯಲ್ಲಿ ಪಿಷ್ಟ ಇಲ್ಲದಿದ್ದರೆ ಮಾತ್ರ ಇಂಗಾಲದ ಕೊರತೆಯನ್ನು ಯೋಚಿಸಬಹುದು. ಮುಚ್ಚಿದ ಮನೆಯಲ್ಲಿ ಬಿಸಿಲೇರುತ್ತಿದ್ದಂತೆ ಗಿಡಗಳೇ ಅನಿಲ ಹೀರಿ, ಒಳಗಿನ ಮಟ್ಟ ಹೊರಗಿನ ಸುಮಾರು 420 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ಕೆಳಗಿಳಿಯುತ್ತದೆ. ಪಕ್ಕದ ಪರದೆ ಬೇಗ ಎತ್ತಿದರೆ ಆ ಕೊರತೆ ಬಿಟ್ಟಿಯಾಗಿ ನೀಗುತ್ತದೆ. ಸೆಖೆಗೆ ಪರದೆ ತೆರೆಯಲೇಬೇಕಾದ ಮನೆಯಲ್ಲಿ ಸಿಲಿಂಡರಿನ ಅನಿಲ ಗಾಳಿಪಾಲು.