ಸಾಕುನಾಯಿಗೆ ಕ್ಯಾನ್ಸರ್: ಮನೆಯೊಳಗೆ ಮುಚ್ಚಿಟ್ಟ ಸುದ್ದಿ

ಹೆಸರು, ಊರು, ಉದ್ಯೋಗ ಎಲ್ಲವನ್ನೂ ಬದಲಿಸಿದ್ದೇನೆ; ನಾಯಿಯ ಹೆಸರನ್ನೂ.

ನಿದ್ರೆ ಬರುವುದಿಲ್ಲ ಎಂಬ ದೂರಿನೊಂದಿಗೆ ಬಂದವರಿಗೆ ಐವತ್ತೈದರ ಆಸುಪಾಸು. ರಕ್ತದೊತ್ತಡ, ಕಚೇರಿ, ಮನೆಸಾಲ ಎಂದು ಸುತ್ತಿ ಬಳಸಿ ಮಾತನಾಡಿ ಕೊನೆಗೆ, “ನಾಯಿಯ ವಿಷಯ ಮೇಡಂ, ನಗಬೇಡಿ” ಎಂದರು. ಈ ಮಾತನ್ನು ನಾನು ಆಗಾಗ ಕೇಳುತ್ತೇನೆ. ಮನುಷ್ಯರು ಹೋದರೆ ನಮ್ಮಲ್ಲಿ ಸೂತಕಕ್ಕೂ ದಿನಗಳ ಲೆಕ್ಕವಿದೆ. ಮನೆಯ ನಾಯಿಗಾಗಿ ಕಣ್ಣೀರು ಹಾಕುವವನಿಗೆ ಅರ್ಧ ದಿನದ ರಜೆ ಕೇಳಲೂ ನಾಚಿಕೆ.

ಭೀಮ ಎಂಟು ವರ್ಷದ ಲ್ಯಾಬ್ರಡಾರ್. ಕುತ್ತಿಗೆಪಟ್ಟಿಯನ್ನು ಒಂದು ತೂತು ಸಡಿಲಿಸಬೇಕಾಗಿ ಬಂದಾಗ ದಪ್ಪಗಾಗಿದ್ದಾನೆ ಎಂದುಕೊಂಡಿದ್ದರು. ಆಮೇಲೆ ದವಡೆಯ ಕೆಳಗೆ ಎರಡೂ ಬದಿಗೆ ನಿಂಬೆಗಾತ್ರದ ಗಟ್ಟಿ ಗಂಟುಗಳು ಕೈಗೆ ಸಿಕ್ಕವು. ಒತ್ತಿದರೆ ನೋವಿಲ್ಲ, ಊಟ, ಆಟ ಎಂದಿನಂತೆಯೇ. ಪಶುವೈದ್ಯರು ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ತಡವಿದಾಗ ಅಲ್ಲೂ ಗಂಟುಗಳಿದ್ದವು. ಉಣ್ಣಿ ಹುಳು ಕಚ್ಚಿ ಬರುವ ಜ್ವರದಲ್ಲಿಯೂ ಈ ದುಗ್ಧಗ್ರಂಥಿಗಳು (ಲಿಂಫ್ ಗ್ರಂಥಿಗಳು) ಊದಿಕೊಳ್ಳುವುದರಿಂದ ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಅದರಲ್ಲಿ ಏನೂ ಸಿಗದಿದ್ದಾಗ ಗಂಟಿಗೆ ಸೂಜಿ ಹಾಕಿ ಜೀವಕೋಶ ತೆಗೆದು ನೋಡಿದರು. ಲಿಂಫೋಮಾ, ಅಂದರೆ ಆ ಗ್ರಂಥಿಗಳಲ್ಲಿರುವ ಬಿಳಿ ರಕ್ತಕಣಗಳ ಕ್ಯಾನ್ಸರ್, ಎಂದು ಬಂತು.

ಆಮೇಲೆ ಸಲಹೆಗಳ ಸುರಿಮಳೆ. ಬೀದಿಯ ಹೆಣ್ಣುನಾಯಿಗೆ ಜನನಾಂಗದಲ್ಲಿ ರಕ್ತ ಸುರಿಯುವ ಗೆಡ್ಡೆ ಇತ್ತು, ವಾರಕ್ಕೊಂದರಂತೆ ಕೆಲವೇ ಚುಚ್ಚುಮದ್ದು ಕೊಟ್ಟು ಪೂರ್ತಿ ಗುಣಪಡಿಸಿದರು, ಇವನಿಗೇಕೆ ಆಗುವುದಿಲ್ಲ ಎಂದು ಪಕ್ಕದ ಮನೆಯವರ ವಾದ. ಅವರು ಕಂಡದ್ದು ಸುಳ್ಳಲ್ಲ. ಕೂಡುವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಹರಡುವ ಆ ಗೆಡ್ಡೆ ನಮ್ಮ ಬೀದಿಗಳಲ್ಲಿ ಸಾಮಾನ್ಯ, ಮತ್ತು ವಿನ್‌ಕ್ರಿಸ್ಟಿನ್ ಎಂಬ ಔಷಧಕ್ಕೆ ಹೆಚ್ಚಾಗಿ ಪೂರ್ತಿ ಕರಗುತ್ತದೆ. ಅಂಗಳದ ನಿತ್ಯಪುಷ್ಪದ ಗಿಡದಲ್ಲಿ ಸಿಗುವ ಔಷಧವದು. ಲಿಂಫೋಮಾಗೂ ಅದನ್ನೇ ಬಳಸುತ್ತಾರೆ, ಆದರೆ ಬೇರೆ ಔಷಧಗಳೊಂದಿಗೆ, ತಿಂಗಳುಗಟ್ಟಲೆ. ಗಂಟು ಕರಗಿದರೂ ರೋಗ ಬಹುತೇಕ ಮರಳುತ್ತದೆ. ಚಿಕಿತ್ಸೆಯಿಲ್ಲದೆ ಸಾಮಾನ್ಯವಾಗಿ ಒಂದೆರಡು ತಿಂಗಳು. ಪೂರ್ತಿ ಕೀಮೋ ಕೊಟ್ಟರೆ ಹೆಚ್ಚಿನ ನಾಯಿಗಳಿಗೆ ಸರಿಸುಮಾರು ಒಂದು ವರ್ಷ. ಆ ಬಿಳಿ ರಕ್ತಕಣಗಳಲ್ಲಿ ಬಿ, ಟಿ ಎಂಬ ಬಗೆಗಳಿವೆ; ಕ್ಯಾನ್ಸರ್ ಟಿ ಕೋಶದ್ದಾದರೆ ಅದಕ್ಕಿಂತ ಕಡಿಮೆ.

ಆದರೆ ಇವರ ನಿದ್ರೆ ಕೆಡಿಸಿದ್ದು ಈ ಲೆಕ್ಕವಲ್ಲ. ಬೆಂಗಳೂರಿನ ಹಾಸ್ಟೆಲಿನಲ್ಲಿ ಸಿ.ಎ. ಪರೀಕ್ಷೆಗೆ ಓದುತ್ತಿರುವ ಮಗಳಿಗೆ ಗಂಡ ಹೆಂಡತಿ ಸುದ್ದಿಯನ್ನೇ ತಿಳಿಸಿರಲಿಲ್ಲ. ರಾತ್ರಿ ವಿಡಿಯೋ ಕರೆ ಬಂದರೆ ಭೀಮನ ಗಂಟಲು ಕಾಣದಂತೆ ಮೊಬೈಲ್ ಹಿಡಿಯುವುದು ಇವರ ಕೆಲಸ. ಕರೆ ಮುಗಿದ ಮೇಲೆ ಗಂಟೆಗೊಮ್ಮೆ ಎದ್ದು ಗಂಟು ಮುಟ್ಟಿ ಬೆಳೆದಿದೆಯೇ ಎಂದು ನೋಡುವುದು. ಹೆಂಡತಿಗೆ ಕೀಮೋ ಕೊಡಿಸಲೇಬೇಕೆಂಬ ಹಟ. ಇವರ ತಾಯಿ ಸ್ತನ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಂಡು ನರಳಿದ್ದನ್ನು ಕಂಡಿದ್ದರಿಂದ ಇವರಿಗೆ ಆ ಪದವೇ ಬೇಡ.

ಮೊದಲು ಈ ಭಯವನ್ನೇ ಬಿಡಿಸಿದೆ. ನಾಯಿಗೆ ಕೊಡುವ ಕೀಮೋದ ಉದ್ದೇಶ ರೋಗವನ್ನು ಎಷ್ಟಾದರೂ ಸರಿ ಬುಡಸಮೇತ ಕೀಳುವುದಲ್ಲ, ಇರುವಷ್ಟು ದಿನ ನೆಮ್ಮದಿಯಾಗಿ ಇಡುವುದು. ಅದಕ್ಕಾಗಿಯೇ ಪ್ರಮಾಣ ಕಡಿಮೆ. ಲ್ಯಾಬ್ರಡಾರ್‌ಗೆ ಕೂದಲು ಅಷ್ಟಾಗಿ ಉದುರುವುದಿಲ್ಲ. ವಾಂತಿ, ಭೇದಿ ಬಂದರೂ ಹೆಚ್ಚಿನ ಸಲ ಒಂದೆರಡು ದಿನ. ಬಿಳಿ ರಕ್ತಕಣ ಕುಸಿದಾಗ ಬರುವ ಜ್ವರ ಮಾತ್ರ ಅಪಾಯದ್ದು, ಅದಕ್ಕೆ ರಾತ್ರಿಯೇ ಓಡಬೇಕು. ಇದನ್ನೆಲ್ಲ ನನ್ನ ಬಾಯಿಂದ ಕೇಳಿ ನಂಬಬೇಡಿ, ನಾನು ಪಶುವೈದ್ಯೆಯಲ್ಲ, ಹೆಬ್ಬಾಳದ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಇನ್ನೊಂದು ಅಭಿಪ್ರಾಯ ಪಡೆಯಿರಿ ಎಂದೆ. ಬಿ ಬಗೆಯೋ ಟಿ ಬಗೆಯೋ, ಒಟ್ಟು ಖರ್ಚೆಷ್ಟು, ಚುಚ್ಚುಮದ್ದಿನ ನಂತರ ಮನೆಯಲ್ಲಿ ಮಲಮೂತ್ರ ಬಳಿಯುವಾಗ ಕೈಗವಸು ಎಷ್ಟು ದಿನ ಎಂಬ ಪ್ರಶ್ನೆಗಳನ್ನು ಅವರ ಕೈಯಲ್ಲೇ ಬರೆಸಿದೆ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳಿದೆ. ಯಾರೋ ಪರಿಚಿತರು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯ ಚೀಟಿ ಕೊಟ್ಟಿದ್ದರು, “ಗಂಟು ಇಳಿಯುತ್ತದೆ, ನೋಡೋಣ” ಎಂದು. ಇಳಿಯುತ್ತದೆ, ನಿಜ. ಆದರೆ ಅದೊಂದನ್ನೇ ಕೊಡುತ್ತಾ ಹೋದರೆ ರೋಗ ಔಷಧಗಳಿಗೆ ಪಳಗಿ, ಆಮೇಲೆ ಕೀಮೋ ಬೇಕೆಂದರೂ ಅದರ ಪರಿಣಾಮ ಕುಗ್ಗುತ್ತದೆ. ಕೀಮೋ ಬೇಡವೆಂದು ತೀರ್ಮಾನಿಸಿದ ಮೇಲೆ ಆ ಮಾತ್ರೆ ಒಳ್ಳೆಯ ಆಸರೆ. ತೀರ್ಮಾನಕ್ಕೆ ಮೊದಲು ಅಲ್ಲ. ಮನುಷ್ಯರ ನೋವಿನ ಮಾತ್ರೆ ಐಬುಪ್ರೊಫೆನ್ ಅನ್ನು ನಾಯಿಗೆ ಕೊಡಲೇಬಾರದು ಎಂದೂ ಹೇಳಿದೆ.

ಹಣದ ಮಾತನ್ನು ನಾನೇ ತೆಗೆದೆ, ಅವರು ತೆಗೆಯುವಂತೆ ಕಾಣಲಿಲ್ಲ. ಮನೆಸಾಲದ ಕಂತು ಮುರಿಯದೆ ಎಷ್ಟು ಖರ್ಚು ಮಾಡಬಹುದೆಂದು ಗಂಡ ಹೆಂಡತಿ ಮೊದಲೇ ಕುಳಿತು ಒಂದು ಮಿತಿ ಹಾಕಿಕೊಳ್ಳಬೇಕು. ಜೊತೆಗೆ, ಭೀಮನಿಗೆ ಬಹಳ ಇಷ್ಟವಾದ ನಾಲ್ಕು ಸಂಗತಿಗಳನ್ನು ಗೋಡೆಯ ಕ್ಯಾಲೆಂಡರಿನ ಬದಿಗೆ ಬರೆದುಕೊಂಡು, ದಿನವೂ ಗುರುತು ಹಾಕಬೇಕು. ಗೇಟಿಗೆ ಓಡುವುದು, ರಾಗಿ ಮುದ್ದೆ, ಚೆಂಡು, ಅಜ್ಜನ ಚಪ್ಪಲಿ ಕದಿಯುವುದು ಎಂದು ಪಟ್ಟಿ ಮಾಡಿದರು. ಇವುಗಳಲ್ಲಿ ಹೆಚ್ಚಿನವು ವಾರವಿಡೀ ತಪ್ಪಿದರೆ ದಯಾಮರಣದ ಮಾತನ್ನು ವೈದ್ಯರ ಜೊತೆ ಆಡಬೇಕು.

ಮಗಳಿಗೆ ಹೇಳಿ ಎಂದಾಗ “ಪರೀಕ್ಷೆ” ಎಂದರು. ಪರೀಕ್ಷೆ ಮತ್ತೆ ಬರೆಯಬಹುದು, ತನಗೆ ಹೇಳದೆ ನಾಯಿಯನ್ನು ಕಳುಹಿಸಿಕೊಟ್ಟರು ಎಂಬುದನ್ನು ಅವಳು ನಿಮ್ಮೊಂದಿಗೆ ಮತ್ತೆ ಮತ್ತೆ ಎತ್ತುತ್ತಾಳೆ ಎಂದೆ. ಆ ಭಾನುವಾರವೇ ಹೇಳಿದರು. ಅವಳು ಅತ್ತಳು, ಬೈದಳು, ಶನಿವಾರ ರಾತ್ರಿಯ ಬಸ್ಸಿಗೆ ಬಂದಳು. ಪರೀಕ್ಷೆಯನ್ನೂ ಬರೆದಳು; ಫಲಿತಾಂಶ ಏನೆಂದು ನಾನು ಕೇಳಲಿಲ್ಲ.

ಬಿ ಬಗೆ ಎಂದು ತಿಳಿದ ಮೇಲೆ ಕೀಮೋ ಆರಂಭಿಸಿದರು. ಕೆಲವೇ ವಾರಗಳಲ್ಲಿ ಗಂಟುಗಳು ಮಾಯವಾದವು, ನಡುವೆ ಒಮ್ಮೆ ಜ್ವರ ಬಂದು ಆಸ್ಪತ್ರೆಯಲ್ಲಿ ಇರಬೇಕಾಯಿತು. ಒಂಬತ್ತು ತಿಂಗಳು ಚೆನ್ನಾಗಿದ್ದ. ರೋಗ ಮರಳಿದಾಗ ಎರಡನೆಯ ಸುತ್ತು ಬೇಡವೆಂದು ಮೂವರೂ ಒಪ್ಪಿ, ಪ್ರೆಡ್ನಿಸೋಲೋನ್ ಕೊಟ್ಟು, ಮುದ್ದೆ ಮೂಸದ ವಾರದಲ್ಲಿ ವೈದ್ಯರನ್ನು ಮನೆಗೇ ಕರೆಸಿದರು.

ಅವರು ಈಗ ನನ್ನ ಬಳಿ ಬರುತ್ತಿಲ್ಲ, ನಿದ್ರೆ ಸರಿಯಾಗಿದೆಯಂತೆ. ಬರುತ್ತಿರುವುದು ಹೆಂಡತಿ. ಮಾತ್ರೆಯ ಸಮಯ, ಕ್ಯಾಲೆಂಡರು, ಕೈಗವಸು ಎಲ್ಲವನ್ನೂ ನೋಡಿಕೊಂಡು, ಅಷ್ಟು ದಿನವೂ ಅಳದೆ ಇದ್ದವರು ಅವರು. ಬೆಳಿಗ್ಗೆ ಏಳು ಗಂಟೆಗೆ ಇನ್ನೂ ಕೈ ಮಾತ್ರೆಯ ಡಬ್ಬಿಯತ್ತ ಹೋಗುತ್ತದಂತೆ. ಅವರೊಂದಿಗೆ ಮಾತುಕತೆ ಮುಂದುವರಿದಿದೆ.